ಟ್ರೈಲರ್ ಜೋಡಿಸುವುದು ಹೇಗೆ? ಸಪ್ಪಳ ನಂಬಬೇಡಿ, ಬಗ್ಗಿ ನೋಡಿ

ಸೇಡಂ, ವಾಡಿ, ಚಿತ್ತಾಪುರ ಕಡೆ ಸಿಮೆಂಟ್ ಲಾರಿಗಳು ನಿಲ್ಲುವ ಯಾವ ಯಾರ್ಡಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಡ್ರೈವರ್ ಎಂಜಿನ್ ಗಾಡಿಯನ್ನು ಟ್ರೈಲರಿನ ಕೆಳಗೆ ಹಿಂದಕ್ಕೆ ತಂದು, ಕ್ಯಾಬಿನ್‌ನಿಂದಲೇ ಕೂಗುತ್ತಾನೆ, "ಕೂತದೇನೋ ತಮ್ಮಾ?" ಕ್ಲೀನರ್ ಹುಡುಗ ದೂರ ನಿಂತೇ ಹೇಳುತ್ತಾನೆ, "ಹೂಂ ಅಣ್ಣಾ, ಸಪ್ಪಳ ಬಂತು." ಅಲ್ಲಿಗೆ ಜೋಡಣೆ ಮುಗಿಯಿತು. ಗಾಳಿ ಪೈಪ್ ಸಿಕ್ಕಿಸಿ ಹೊರಟೇಬಿಡುತ್ತಾರೆ.

ಸಪ್ಪಳ ಬಂದ ಮಾತ್ರಕ್ಕೆ ಲಾಕ್ ಬಿದ್ದಿದೆ ಅಂತ ಅಲ್ಲ. ಲಾಕು ಟ್ರೈಲರಿನ ಪಿನ್ನನ್ನು ಹಿಡಿಯದೆ ಸುಮ್ನೆ ಮುಚ್ಚಿಕೊಂಡರೂ ಅದೇ 'ಟಕ್' ಕೇಳಿಸುತ್ತದೆ. ಹಾಗೆ ಹೊರಟ ಗಾಡಿ ಗೇಟಿನ ಉಬ್ಬಿನಲ್ಲೇ ಬಿಚ್ಚಿಕೊಂಡರೆ ಪುಣ್ಯ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ, ಎದುರಿಗೆ ಬಸ್ಸು ಬರುವಾಗ ಬಿಚ್ಚಿಕೊಂಡರೆ ಏನು ಗತಿ? 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿತು. ಆಮೇಲೆ ದೊಡ್ಡ ಟ್ರೈಲರ್ ಗಾಡಿಗಳ ಒಟ್ಟು ತೂಕ 49 ಟನ್‌ನಿಂದ 55 ಟನ್‌ವರೆಗೆ ಹೋಗಬಹುದಾಯಿತು. ಇಂಥ ಗಾಡಿಯ ಎಳೆತವೆಲ್ಲ ಬೀಳುವುದು ಸಾಮಾನ್ಯವಾಗಿ ಎರಡು ಇಂಚು ದಪ್ಪದ ಒಂದೇ ಪಿನ್ನಿನ ಮೇಲೆ.

ಹೊಸಬರಿಗಾಗಿ ಎರಡು ಮಾತು. ಎಂಜಿನ್ ಇರುವ ಮುಂದಿನ ಗಾಡಿ ಹಾರ್ಸ್. ಅದರ ಬೆನ್ನ ಮೇಲಿರುವ ದಪ್ಪ ಕಬ್ಬಿಣದ ತಟ್ಟೆ ಫಿಫ್ತ್ ವೀಲ್. ತಟ್ಟೆಯ ಹಿಂಭಾಗ ಸೀಳಿದಂತೆ ತೆರೆದಿರುತ್ತದೆ, ಆ ಸೀಳಿನ ಒಳಗೆ ಲಾಕಿನ ದವಡೆ ಇರುತ್ತದೆ. ಟ್ರೈಲರಿನ ಮೂತಿಯ ಅಡಿಯಲ್ಲಿ ಕೆಳಮುಖವಾಗಿ ಇರುವುದು ಕಿಂಗ್‌ಪಿನ್. ಪಿನ್ನಿನ ನಡು ಸಣ್ಣ, ತುದಿ ಅಗಲ. ದವಡೆ ಹಿಡಿಯಬೇಕಾದದ್ದು ನಡುವನ್ನು, ತುದಿಯನ್ನಲ್ಲ. ಇದಿಷ್ಟು ತಲೆಯಲ್ಲಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲು ನೆಲ ನೋಡಿ

ನಮ್ಮದು ಎರೆ ಮಣ್ಣಿನ ಸೀಮೆ. ಮಳೆಗಾಲದಲ್ಲಿ ತುಂಬಿದ ಟ್ರೈಲರನ್ನು ರಾತ್ರಿ ಬಿಟ್ಟು ಹೋದರೆ ಬೆಳಗ್ಗೆ ಅದರ ಲ್ಯಾಂಡಿಂಗ್ ಕಾಲುಗಳು, ಅಂದರೆ ಹಾರ್ಸ್ ಇಲ್ಲದಾಗ ಮೂತಿಯನ್ನು ಹೊರುವ ಕಾಲುಗಳು, ಮಣ್ಣಲ್ಲಿ ಇಳಿದಿರುತ್ತವೆ. ಒಂದು ಕಾಲು ಜಾಸ್ತಿ ಇಳಿದು ಮೂತಿ ಓರೆಯಾಗಿರುವುದೂ ಉಂಟು. ಓರೆಯಾದ ಟ್ರೈಲರ್ ಕೆಳಗೆ ಹಾರ್ಸ್ ನುಗ್ಗಿಸಬೇಡಿ. ಮೊದಲು ಮೂತಿ ಸಮ ಮಾಡಿಕೊಳ್ಳಿ.

ಕಾಲಿನ ಕೆಳಗೆ ಶಹಾಬಾದ್ ಫರಸಿ ಇಡುವ ರೂಢಿ ನಮ್ಮ ಕಡೆ ಬಹಳ. ಕೈಗೆ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಅದಕ್ಕೇ ಇಡುತ್ತಾರೆ. ದಯವಿಟ್ಟು ಬಿಡಿ. ಫರಸಿ ಪದರ ಪದರವಾದ ತೆಳು ಕಲ್ಲು. ಕೆಳಗೆ ಮಣ್ಣು ಮೆತ್ತಗಿದ್ದರೆ ಭಾರಕ್ಕೆ ಸೀಳಿಹೋಗುತ್ತದೆ, ಅದೂ ಮುನ್ಸೂಚನೆ ಇಲ್ಲದೆ. ಅಗಲವಾದ ಗಟ್ಟಿ ಮರದ ಹಲಗೆ ಇಡಿ. ಹಲಗೆ ಅದುಮಿಕೊಳ್ಳುತ್ತದೆ, ಕಲ್ಲಿನ ಹಾಗೆ ಒಮ್ಮೆಲೇ ಒಡೆಯುವುದಿಲ್ಲ. ಒಳ್ಳೆಯ ಎರಡು ಹಲಗೆ ವರ್ಷಗಟ್ಟಲೆ ಬಾಳುತ್ತವೆ.

ಟ್ರೈಲರಿನ ಗಾಲಿಗಳಿಗೆ ಅಡ್ಡ ಕೊಡುವುದನ್ನು ಮರೆಯಬೇಡಿ. ಹಳೆಯ ಟ್ರೈಲರ್‌ಗಳಲ್ಲಿ ಸ್ಪ್ರಿಂಗ್ ಬ್ರೇಕ್ (ಗಾಳಿ ಹೋದರೂ ಸ್ಪ್ರಿಂಗಿನ ಬಲದಿಂದ ಹಿಡಿದಿರುವ ಬ್ರೇಕ್) ಇರುವುದಿಲ್ಲ. ಟ್ಯಾಂಕಿನ ಗಾಳಿ ನಿಧಾನಕ್ಕೆ ಸೋರಿದ ಹಾಗೆ ಬ್ರೇಕೂ ಸಡಿಲವಾಗುತ್ತದೆ.

ಗ್ರೀಸ್: ಹಳೆಯದನ್ನು ಕೆರೆಯದೆ ಹೊಸದು ಬೇಡ

ಗ್ರೀಸ್ ಇಲ್ಲದ ತಟ್ಟೆಯಿಂದ ಸ್ಟೇರಿಂಗ್ ಬಿಗಿಯಾಗುತ್ತದೆ, ತಿರುವಿನಲ್ಲಿ ಗಾಡಿ ಎಳೆದಾಡುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಭಾಗದಲ್ಲಿ ಗ್ರೀಸ್ ಇಲ್ಲದಿರುವುದಕ್ಕಿಂತ ಕೊಳೆತ ಗ್ರೀಸ್ ಜಾಸ್ತಿ ಹಾನಿ ಮಾಡುತ್ತಿದೆ. ಸಿಮೆಂಟ್ ಪುಡಿ, ಸುಣ್ಣದ ಕಲ್ಲಿನ ದೂಳು, ಎರೆ ಮಣ್ಣು ಎಲ್ಲವೂ ಗ್ರೀಸಿಗೆ ಅಂಟುತ್ತವೆ. ಹಾಗೆ ಅಂಟಿದ ಮೇಲೆ ಅದು ಸಾಣೆ ಹಿಡಿಯುವ ಪೇಸ್ಟ್ ಇದ್ದ ಹಾಗೆ. ದವಡೆಯನ್ನೂ ಪಿನ್ನನ್ನೂ ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಅದರ ಮೇಲೆ ಇನ್ನೊಂದು ಮುದ್ದೆ ಹೊಸ ಗ್ರೀಸ್ ಬಳಿದರೆ ಏನೂ ಬದಲಾಗುವುದಿಲ್ಲ.

ಆದ್ದರಿಂದ ಮೊದಲು ಪಟ್ಟಿಯಿಂದ ಕೆರೆಯಿರಿ. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ತಟ್ಟೆ, ಸೀಳು, ದವಡೆ ಮೂರನ್ನೂ ಒರೆಸಿ. ಲೋಹ ಹೊಳೆಯುವಂತಾದ ಮೇಲೆ ಲಿಥಿಯಂ ಇಪಿ (ಭಾರೀ ಒತ್ತಡ ತಡೆಯುವ) ಗ್ರೀಸ್ ಹಚ್ಚಿ. ಗ್ರ್ಯಾಫೈಟ್ ಅಥವಾ ಮಾಲಿಬ್ಡಿನಂ ಸೇರಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ತಟ್ಟೆಗೆಲ್ಲ ತೆಳುವಾಗಿ, ದವಡೆಗೆ ಸ್ವಲ್ಪ ದಪ್ಪಗೆ ಇರಲಿ. ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಸು ಇರುವ ಮಾದರಿಯಾದರೆ ಆ ಹಾಸಿನ ಮೇಲೆ ಗ್ರೀಸ್ ಬೇಕಿಲ್ಲ, ದವಡೆಗೆ ಬೇಕೇ ಬೇಕು.

ಗ್ಯಾರೇಜಿನಲ್ಲಿ ಇಳಿಸಿದ ಹಳೆ ಎಂಜಿನ್ ಆಯಿಲ್ ಸುರಿಯುವವರಿದ್ದಾರೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಅದು ಹರಿದು ಚಾಸಿಗೆ ಇಳಿಯುತ್ತದೆ. ಉಳಿಯುವುದು ದೂಳಿನ ಪದರ ಮಾತ್ರ. ಡಬ್ಬಿಯ ಮೇಲೆ ಹೆಸರಿಲ್ಲ, ದರ್ಜೆಯಿಲ್ಲ, ಅಂಥ ಅಗ್ಗದ ಹಳದಿ ಗ್ರೀಸನ್ನೂ ತರಬೇಡಿ. ಬಿಸಿಲಿಗೆ ಎಣ್ಣೆ ಬೇರೆ, ಮುದ್ದೆ ಬೇರೆಯಾಗುತ್ತದೆ.

ಎತ್ತರ: ಕೆಡುವುದೆಲ್ಲ ಇಲ್ಲೇ

ಇಲ್ಲಿ ನಿಧಾನವಾಗಿ ಓದಿ. ಜೋಡಣೆ ತಪ್ಪಾಗುವುದಕ್ಕೆ ದೊಡ್ಡ ಕಾರಣ ಲಾಕ್ ಕೆಟ್ಟಿರುವುದಲ್ಲ, ಟ್ರೈಲರಿನ ಮೂತಿ ಸರಿಯಾದ ಎತ್ತರದಲ್ಲಿ ಇಲ್ಲದಿರುವುದು.

ಟ್ರೈಲರನ್ನು ನಿನ್ನೆ ಬಿಟ್ಟು ಹೋದ ಹಾರ್ಸ್ ಬೇರೆ, ಇವತ್ತು ಜೋಡಿಸಲು ಬಂದದ್ದು ಬೇರೆ. ಎರಡರ ತಟ್ಟೆಯ ಎತ್ತರ ಒಂದೇ ಇರಬೇಕೆಂದೇನೂ ಇಲ್ಲ. ಟೈರು ಸವೆದಿರಬಹುದು, ಸ್ಪ್ರಿಂಗ್ ಪಟ್ಟಿ ಹೊಸದಾಗಿರಬಹುದು. ಏರ್ ಸಸ್ಪೆನ್ಷನ್ ಇರುವ ಹಾರ್ಸ್ ಆದರೆ ಅದನ್ನೇ ಏರಿಸಿ ಇಳಿಸಿ ಹೊಂದಿಸಬಹುದು. ಪಟ್ಟಿ ಸ್ಪ್ರಿಂಗಿನ ಗಾಡಿಯಲ್ಲಿ ಆ ಅನುಕೂಲ ಇಲ್ಲ. ಎತ್ತರವನ್ನು ಟ್ರೈಲರಿನ ಕಾಲಿನ ಹ್ಯಾಂಡಲ್ ತಿರುಗಿಸಿಯೇ ಹೊಂದಿಸಬೇಕು. ಅದು ಬೆವರಿಳಿಸುವ ಕೆಲಸ. ಅದಕ್ಕೇ ಯಾರೂ ಮಾಡುವುದಿಲ್ಲ, 'ನಡೀತದ ಬಿಡು' ಅಂತ ರಿವರ್ಸ್ ಹಾಕುತ್ತಾರೆ.

ಮೂತಿ ಎತ್ತರವಾಗಿದ್ದರೆ ಏನಾಗುತ್ತದೆ ನೋಡಿ. ಹಾರ್ಸ್ ಸಲೀಸಾಗಿ ಒಳಗೆ ಹೋಗುತ್ತದೆ. ಆದರೆ ಪಿನ್ನಿನ ನಡು ದವಡೆಯ ಮಟ್ಟಕ್ಕೆ ಇಳಿದಿರುವುದಿಲ್ಲ. ದವಡೆ ಅಗಲವಾದ ತುದಿಗೆ ತಗುಲಿ ಅರ್ಧಂಬರ್ಧ ಮುಚ್ಚಬಹುದು. ಇಲ್ಲವೇ ಪಿನ್ ದವಡೆಯ ಮೇಲೇ ದಾಟಿ ಮುಂದೆ ಹೋಗಿ ಕೂರಬಹುದು. ಡ್ರೈವರಿಗೆ ಸಪ್ಪಳ ಕೇಳುತ್ತದೆ, ಗಾಡಿ ನಿಂತಂತೆಯೂ ಆಗುತ್ತದೆ. ಒಳಗೆ ಹಿಡಿತ ಮಾತ್ರ ಇಲ್ಲ.

ಮೂತಿ ಜಾಸ್ತಿ ಕೆಳಗಿದ್ದರೆ ಬೇರೆ ತೊಂದರೆ. ಹಾರ್ಸಿನ ಚಾಸಿ ಟ್ರೈಲರಿನ ಮುಂಚೂಣಿ ಅಂಚಿಗೆ ಗುದ್ದುತ್ತದೆ, ಟ್ರೈಲರ್ ಹಿಂದಕ್ಕೆ ತಳ್ಳಿಸಿಕೊಂಡು ಕಾಲು ಬಾಗುತ್ತದೆ. ಬಾಗಿದ ಕಾಲುಗಳಿರುವ ಟ್ರೈಲರ್‌ಗಳು ನಮ್ಮ ಯಾರ್ಡ್‌ಗಳಲ್ಲಿ ಬೇಕಾದಷ್ಟು ಕಾಣುತ್ತವೆ.

ಸರಿಯಾದ ಎತ್ತರ ಇಷ್ಟು: ಟ್ರೈಲರಿನ ಅಡಿತಟ್ಟೆ ಫಿಫ್ತ್ ವೀಲಿನ ಮೇಲ್ಮೈಗಿಂತ ಸ್ವಲ್ಪ ಕೆಳಗಿರಬೇಕು. ಎರಡು ಇಂಚಿಗಿಂತ ಜಾಸ್ತಿ ಕೆಳಗೆ ಬೇಡ. ಆಗ ಹಾರ್ಸ್ ಹಿಂದಕ್ಕೆ ಬಂದಾಗ ಫಿಫ್ತ್ ವೀಲಿನ ಇಳಿಜಾರು ಅಂಚು ಅಡಿತಟ್ಟೆಯನ್ನು ಮುಟ್ಟಿ, ಮೂತಿಯನ್ನು ತುಸು ಮೇಲಕ್ಕೆತ್ತಿಕೊಂಡು ಒಳಗೆ ಹೋಗುತ್ತದೆ. ಭಾರ ತಟ್ಟೆಯ ಮೇಲೆ ಕೂತಿತು ಅಂದರೆ ಪಿನ್ ತಾನಾಗಿ ದವಡೆಯ ಮಟ್ಟಕ್ಕೆ ಬರುತ್ತದೆ.

ಮಾಡುವ ಕ್ರಮ ಹೀಗಿರಲಿ. ಹಾರ್ಸನ್ನು ಟ್ರೈಲರಿಗೆ ನೇರವಾಗಿ ಹಿಡಿದು ಹಿಂದಕ್ಕೆ ಬನ್ನಿ. ತಟ್ಟೆ ಮುಟ್ಟುವ ಮೊದಲೇ, ಒಂದು ಮೊಳ ದೂರದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ ಇಳಿಯಿರಿ. ದವಡೆ ತೆರೆದಿದೆಯೇ, ಫಿಫ್ತ್ ವೀಲಿನ ಹಿಂಬದಿ ಕೆಳಕ್ಕೆ ಬಾಗಿದೆಯೇ, ಪಿನ್ ಸೀಳಿನ ನಡುವಿಗೆ ನೇರ ಇದೆಯೇ ನೋಡಿ. ಆಮೇಲೆ ಪಕ್ಕದಿಂದ ಕಣ್ಣು ತಟ್ಟೆಯ ಮಟ್ಟಕ್ಕೆ ತಂದು ಎತ್ತರ ನೋಡಿ. ಹೊಂದದಿದ್ದರೆ ಕಾಲು ತಿರುಗಿಸಿ. ಭಾರ ಇರುವಾಗ ಹ್ಯಾಂಡಲನ್ನು ನಿಧಾನದ ಗೇರಿನಲ್ಲೇ ತಿರುಗಿಸಬೇಕು. ವೇಗದ ಗೇರು ಖಾಲಿ ಕಾಲು ಎತ್ತಿಳಿಸುವುದಕ್ಕೆ ಮಾತ್ರ. ತುಂಬಿದ ಟ್ರೈಲರಿಗೆ ವೇಗದ ಗೇರು ಹಾಕಿ ಹ್ಯಾಂಡಲ್ ಜಾರಿದರೆ ಮುಂಗೈ ಮುರಿಯುತ್ತದೆ.

ಈಗ ತೀರಾ ನಿಧಾನವಾಗಿ ಹಿಂದಕ್ಕೆ ಬನ್ನಿ. ಜೋರಾಗಿ ಗುದ್ದಿದರೆ ಲಾಕ್ ಗಟ್ಟಿಯಾಗಿ ಬೀಳುತ್ತದೆ ಅನ್ನುವುದು ಸುಳ್ಳು. ಗುದ್ದಿದರೆ ದವಡೆ ಬಿರಿಯುತ್ತದೆ, ಪಿನ್ನಿನ ಬುಡ ಸಡಿಲವಾಗುತ್ತದೆ. ಈ ಹೊತ್ತಿನಲ್ಲಿ ಕ್ಲೀನರ್ ಹಾರ್ಸ್ ಮತ್ತು ಟ್ರೈಲರಿನ ನಡುವೆ ನಿಲ್ಲಲೇಬಾರದು. ಡ್ರೈವರಿನ ಕನ್ನಡಿಯಲ್ಲಿ ಕಾಣುವ ಹಾಗೆ ಪಕ್ಕಕ್ಕೆ ನಿಲ್ಲಲಿ. ಕನ್ನಡಿಯಿಂದ ಹುಡುಗ ಮರೆಯಾದರೆ ಗಾಡಿ ನಿಲ್ಲಬೇಕು.

ಎಳೆದು ನೋಡಿ, ಆಮೇಲೆ ಬಗ್ಗಿ ನೋಡಿ

ಲಾಕ್ ಬಿದ್ದ ಸಪ್ಪಳ ಬಂದ ಮೇಲೆ ಲ್ಯಾಂಡಿಂಗ್ ಕಾಲುಗಳನ್ನು ಎತ್ತಬೇಡಿ, ಇನ್ನೂ ಕೆಳಗೇ ಇರಲಿ. ಟ್ರೈಲರಿನ ಬ್ರೇಕ್ ಹಿಡಿದಿರುವಾಗಲೇ ಮೊದಲ ಗೇರಿನಲ್ಲಿ ಕ್ಲಚ್ ನಿಧಾನವಾಗಿ ಬಿಟ್ಟು ಸ್ವಲ್ಪ ಮುಂದಕ್ಕೆ ಎಳೆಯಿರಿ. ಲಾಕ್ ಹಿಡಿದಿರದಿದ್ದರೆ ಟ್ರೈಲರ್ ತನ್ನ ಕಾಲಿನ ಮೇಲೇ ನಿಲ್ಲುತ್ತದೆ, ನೆಲಕ್ಕೆ ಮೂತಿ ಬಡಿಯುವುದಿಲ್ಲ. ಕಾಲು ಎತ್ತಿ ಆಮೇಲೆ ಎಳೆದು ನೋಡುವವರು ಈ ಆಸರೆಯನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಎಳೆದಾಗ ಬಿಚ್ಚಲಿಲ್ಲ ಅಂತ ಸಮಾಧಾನ ಬೇಡ. ಪಿನ್ ತಪ್ಪು ಜಾಗದಲ್ಲಿ ಕೂತಿದ್ದರೂ ಅಂಚಿಗೆ ಸಿಕ್ಕಿಕೊಂಡು ಈ ಪರೀಕ್ಷೆಯಲ್ಲಿ ಪಾಸಾಗಬಹುದು. ರಸ್ತೆಯ ಕುಲುಕಾಟ ಶುರುವಾದ ಮೇಲೆ ಜಾರುತ್ತದೆ. ಅದಕ್ಕೇ ಬಗ್ಗಿ ನೋಡಲೇಬೇಕು.

ಎಂಜಿನ್ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಕೀಲಿ ಜೇಬಿಗೆ ಹಾಕಿಕೊಂಡು ಇಳಿಯಿರಿ. ಕೈಯಲ್ಲಿ ಒಳ್ಳೆಯ ಟಾರ್ಚ್ ಇರಲಿ. ಮೊಬೈಲ್ ಬೆಳಕು ಸಾಲುವುದಿಲ್ಲ, ಹಗಲಲ್ಲೂ ಆ ಸಂದಿ ಕತ್ತಲೆಯೇ. ಮೂರು ಜಾಗ ನೋಡಬೇಕು. ಮೊದಲನೆಯದು ಪಕ್ಕದಿಂದ: ಟ್ರೈಲರಿನ ಅಡಿತಟ್ಟೆಗೂ ಫಿಫ್ತ್ ವೀಲಿಗೂ ನಡುವೆ ಬೆಳಕು ಹಾಯುತ್ತಿದೆಯೇ? ಸಂದಿ ಕಂಡರೆ ಟ್ರೈಲರ್ ಕೂತಿಲ್ಲ, ಮತ್ತೆ ಜೋಡಿಸಬೇಕು. ಎರಡನೆಯದು ಹಿಂದಿನಿಂದ, ಸೀಳಿನ ಒಳಗೆ: ದವಡೆ ಪಿನ್ನಿನ ನಡುವನ್ನು ಪೂರ್ತಿ ಸುತ್ತಿಕೊಂಡಿರಬೇಕು. ಮೂರನೆಯದು ಲಾಕಿನ ಹಿಡಿಕೆ: ಅದು ಪೂರ್ತಿ ಒಳಗೆ ಹೋಗಿರಬೇಕು, ಸೇಫ್ಟಿ ಕೊಂಡಿ ಬಿದ್ದಿರಬೇಕು. ಹಿಡಿಕೆ ಒಂದಿಷ್ಟು ಹೊರಗೆ ನಿಂತಿದ್ದರೂ ಲಾಕ್ ಪೂರ್ತಿಯಾಗಿಲ್ಲ. ಸುತ್ತಿಗೆಯಿಂದ ಬಡಿದು ಒಳಗೆ ಕಳಿಸುವವರನ್ನು ನೋಡಿದ್ದೇನೆ. ಅದು ಯಾವತ್ತೂ ಬೇಡ. ತಾನಾಗಿ ಹೋಗದ ಹಿಡಿಕೆ ಏನೋ ಅಡ್ಡ ಇದೆ ಅಂತ ಹೇಳುತ್ತಿದೆ.

ಇದನ್ನು ಕ್ಲೀನರಿಗೆ ಬಿಡದೆ ಡ್ರೈವರೇ ನೋಡಬೇಕು ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಗಾಡಿ ಓಡಿಸುವವನು ಅವನು. ಹುಡುಗನಿಗೂ ತೋರಿಸಿ ಕಲಿಸಲಿ, ಆದರೆ ಕಣ್ಣು ಡ್ರೈವರಿನದೇ ಇರಲಿ.

ಗಾಳಿ ಪೈಪು

ಕೆಂಪು ಪೈಪ್ ಟ್ರೈಲರಿಗೆ ಗಾಳಿ ತುಂಬುವುದು, ಹಳದಿ ಪೈಪ್ ಬ್ರೇಕ್ ಒತ್ತಿದ್ದನ್ನು ತಿಳಿಸುವುದು. ಮೊದಲು ಹಳದಿ, ಆಮೇಲೆ ಕೆಂಪು. ಬಿಚ್ಚುವಾಗ ಇದರ ಉಲ್ಟಾ. ಕೆಂಪು ಸಿಕ್ಕಿಸಿದ ಕೂಡಲೇ ಟ್ರೈಲರಿನ ತುರ್ತು ಬ್ರೇಕ್ ಬಿಡುತ್ತದೆ. ಹಾರ್ಸಿನ ಹ್ಯಾಂಡ್ ಬ್ರೇಕ್, ಟ್ರೈಲರಿನ ಪಾರ್ಕಿಂಗ್ ಬ್ರೇಕ್ ಎರಡೂ ಹಾಕದೆ ಕೆಂಪು ಮುಟ್ಟಬೇಡಿ. ಇಳಿಜಾರಿನಲ್ಲಿ ಗಾಡಿ ತಾನೇ ಉರುಳಿದರೆ ಪೈಪ್ ಸಿಕ್ಕಿಸುತ್ತಿರುವವನು ನಡುವೆ ಸಿಕ್ಕಿಕೊಳ್ಳುತ್ತಾನೆ.

ಪೈಪಿನ ಬಾಯಲ್ಲಿ ರಬ್ಬರ್ ಸೀಲ್ ಇದೆ. ಅದಕ್ಕೆ ಕೂತ ಸಿಮೆಂಟ್ ಪುಡಿ ಒರೆಸಿ ಸಿಕ್ಕಿಸಿ. 'ಸುಸ್' ಅಂತ ಗಾಳಿ ಸೋರಿದರೆ ಟ್ಯೂಬ್ ತುಂಡು ಸುತ್ತಿ ಹೊರಡಬೇಡಿ. ಸೀಲ್ ಸಣ್ಣ ಸಾಮಾನು, ಎರಡು ಯಾವಾಗಲೂ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಲೈಟಿನ ಪ್ಲಗ್, ಎಬಿಎಸ್ ಪ್ಲಗ್ ಹಾಕಿ, ಇಂಡಿಕೇಟರ್ ನೋಡಿ. ಗಾಳಿಯ ಗೇಜ್ ಪೂರ್ತಿ ಏರಲಿ. ಕಾಲು ಪೂರ್ತಿ ಎತ್ತಿ, ಹ್ಯಾಂಡಲನ್ನು ಕೊಕ್ಕೆಗೆ ಸಿಕ್ಕಿಸಿ, ಗಾಲಿಯ ಅಡ್ಡ ತೆಗೆಯಿರಿ.

ಸೇಡಂನಿಂದ ಕಲಬುರಗಿ ಕಡೆ ಹೊರಟರೆ ಮಳಖೇಡ ದಾಟುವ ಮೊದಲೇ ಒಮ್ಮೆ ನಿಲ್ಲಿಸಿ ಹಿಡಿಕೆ, ಕೊಂಡಿ ಮತ್ತೆ ನೋಡುವುದು ಒಳ್ಳೆಯದು. ಹುಮನಾಬಾದಿನಲ್ಲಿ ಹೆದ್ದಾರಿ 65 ಸೇರಿ ವೇಗ ಹಿಡಿಯುವವರಿಗಂತೂ ಅದಕ್ಕೂ ಮುಂಚೆ ಈ ಕೆಲಸ ಆಗಿರಬೇಕು.

ಸವೆತ ಅಳೆಯಿರಿ

ಗಾಡಿ ಹೊರಡುವಾಗ, ಬ್ರೇಕ್ ಒತ್ತಿದಾಗ ಬೆನ್ನಿಗೆ ಗುದ್ದಿದಂತಾಗುತ್ತಿದ್ದರೆ ಪಿನ್ನಿಗೂ ದವಡೆಗೂ ನಡುವೆ ಆಟ, ಅಂದರೆ ಸಡಿಲ, ಬಂದಿದೆ. ಹಲವು ಮಾದರಿಗಳಲ್ಲಿ ಅದನ್ನು ಬಿಗಿ ಮಾಡುವ ಬೋಲ್ಟ್ ಇರುತ್ತದೆ, ಮಿಸ್ತ್ರಿ ಕೈಯಲ್ಲಿ ಮಾಡಿಸಿ. ಅದಕ್ಕೂ ಮೊದಲು ಪಿನ್ ಅಳೆಯಿರಿ. ಎರಡು ಇಂಚಿನ ಹೊಸ ಪಿನ್ನಿನ ನಡು 50.8 ಮಿಲಿಮೀಟರ್. ಸವೆದು 49ಕ್ಕೆ ಬಂದರೆ ಅದರ ಆಯುಷ್ಯ ಮುಗಿಯಿತು. ವರ್ನಿಯರ್ ಕ್ಯಾಲಿಪರ್ ಸಾಕು. ಒಂದೇ ಕಡೆ ಅಳೆದು ಬಿಡಬೇಡಿ, ಪಿನ್ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಹಿಂದೆ ಮುಂದೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆಯಿರಿ.

ಸವೆದ ಪಿನ್ನಿಗೆ ವೆಲ್ಡಿಂಗ್ ತುಂಬಿ ಗ್ರೈಂಡರ್ ಹೊಡೆದು ಕೊಡುವ ಅಂಗಡಿಗಳಿವೆ. ಆ ಪಿನ್ ಹದ ಮಾಡಿದ ಉಕ್ಕು, ವೆಲ್ಡಿಂಗ್ ಬಿಸಿಗೆ ಹದ ಹೋಗುತ್ತದೆ, ಬಿರುಕು ಒಳಗೇ ಬೆಳೆಯುತ್ತದೆ. ಮೇಲ್ನೋಟಕ್ಕೆ ಹೊಸದರಂತೆ ಕಾಣುವುದರಿಂದ ಇನ್ನೂ ಅಪಾಯ. ಪಿನ್ನನ್ನೇ ಬದಲಿಸಿ.

ಕಬ್ಬಿನ ಟ್ರಾಲಿಯವರಿಗೆ

ಆಳಂದ, ಅಫಜಲಪುರ, ಭಾಲ್ಕಿ ಕಡೆ ಕಬ್ಬಿನ ಹಂಗಾಮು ಶುರುವಾದರೆ ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ. ಅಲ್ಲಿ ಫಿಫ್ತ್ ವೀಲ್ ಇಲ್ಲ, ಒಂದು ಪಿನ್ ಅಷ್ಟೇ. ಆ ಪಿನ್ನಿನ ಜಾಗಕ್ಕೆ ಮನೆ ಕಟ್ಟುವ ಸರಳಿನ ತುಂಡು ಹಾಕುತ್ತಾರೆ, ಕೆಳಗಿನ ಲಾಕ್ ಪಿನ್ ಕಳೆದರೆ ತಂತಿ ಸುತ್ತುತ್ತಾರೆ. ಸರಳು ರಂಧ್ರಕ್ಕಿಂತ ಸಣ್ಣದು, ಗುಂಡಿ ಬಂದಾಗೆಲ್ಲ ಕುಣಿದು ಮೇಲೆ ಬರುತ್ತದೆ. ರಂಧ್ರಕ್ಕೆ ಸರಿಹೊಂದುವ ತಲೆಯಿರುವ ಪಿನ್ ಹಾಕಿ, ಕೆಳಗೆ ಲಾಕ್ ಪಿನ್ ಹಾಕಿ. ಎರಡು ಟ್ರಾಲಿಗಳ ನಡುವೆ ಬೇರೆ ಸರಪಳಿಯನ್ನೂ ಕಟ್ಟಿ. ತಿರುವಿಗೆ ಬೇಕಾದಷ್ಟು ಸಡಿಲ ಇರಲಿ, ನೆಲಕ್ಕೆ ಎಳೆಯುವಷ್ಟು ಬೇಡ.