ಸವೆದ ಮಂಡಿಯೊಂದಿಗೆ ಲಕ್ಷದ್ವೀಪದ ಹಡಗು ಹತ್ತಿದ್ದು

ಕಾರವಾರದಲ್ಲಿ ಸಂಸಾರ ಮಾಡಿದವರಿಗೆ ಸಮುದ್ರ ಹೊಸದಲ್ಲ. ಆದರೂ ಸುತ್ತ ಎತ್ತಲೂ ದಡ ಕಾಣದ ನೀರಿನ ಮೇಲೆ ರಾತ್ರಿ ಕಳೆಯಬೇಕೆಂಬ ಆಸೆ ನಮ್ಮವರಿಗೆ ಬಹಳ ಕಾಲದಿಂದ ಇತ್ತು. ಅವರಿಗೆ 72 ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ನನಗೆ 67, ಎರಡೂ ಮಂಡಿ ಸವೆದಿವೆ. ಕೊಚ್ಚಿಯಿಂದ ಹಡಗಿನಲ್ಲಿ ಹೊರಟು ಕಲ್ಪೇನಿ, ಕವರತ್ತಿ, ಮಿನಿಕಾಯ್ ದ್ವೀಪಗಳನ್ನು ನೋಡಿ ಬರುವ 'ಸಮುದ್ರಂ' ಪ್ರವಾಸಕ್ಕೆ ನಾವು ಹೋಗಿದ್ದು ಕೆಲವು ವರ್ಷಗಳ ಹಿಂದೆ, ಜನವರಿಯಲ್ಲಿ. ರಾತ್ರಿ ಹಡಗು ಸಾಗುತ್ತದೆ, ಹಗಲು ದ್ವೀಪದಲ್ಲಿ ಸುತ್ತಾಟ, ಸಂಜೆ ಮತ್ತೆ ಹಡಗಿಗೆ. ಹಾಸಿಗೆ, ಊಟ ಎಲ್ಲವೂ ಹಡಗಿನಲ್ಲೇ ಇರುವುದರಿಂದ ಗಂಟು ಹೊತ್ತು ಊರೂರು ತಿರುಗುವ ಕಷ್ಟವಿಲ್ಲ.

ಜನವರಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಜೂನ್, ಜುಲೈನಲ್ಲಿ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳೂ ದಡ ಸೇರಿರುತ್ತವೆ. ಮಳೆಗಾಲದ ಅಬ್ಬರ ಮುಗಿದು ಕಡಲು ಶಾಂತವಾದ ಮೇಲೆ, ಚಳಿಗಾಲದಲ್ಲಿ ಅಲೆ ತಗ್ಗಿರುತ್ತದೆ, ನೀರು ಮಾತ್ರ ಬೆಚ್ಚಗೇ ಇರುತ್ತದೆ. ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯ ಸಮಯ ನನಗೆ ಕಾಣುವುದಿಲ್ಲ.

ನಮ್ಮ ವಯಸ್ಸಿನವರು ಮೊದಲು ಯೋಚಿಸಬೇಕಾದದ್ದು ಹಡಗಿನಿಂದ ದೋಣಿಗೆ ಇಳಿಯುವುದನ್ನು. ಈ ದ್ವೀಪಗಳ ಸುತ್ತ ಹವಳದ ದಿಬ್ಬವಿದೆ, ಅದರೊಳಗಿನ ನೀರು ಆಳವಿಲ್ಲ. ಆದ್ದರಿಂದ ದೊಡ್ಡ ಹಡಗು ಹೊರಗೇ ನಿಲ್ಲುತ್ತದೆ. ಹಡಗಿನ ಪಕ್ಕೆಯಲ್ಲಿರುವ ಬಾಗಿಲಿನಿಂದ ಮೋಟಾರು ದೋಣಿಗೆ ಕಾಲಿಡಬೇಕು. ಅಲೆ ಎಷ್ಟೇ ಸಣ್ಣದಿದ್ದರೂ ದೋಣಿ ಏರುತ್ತದೆ, ಇಳಿಯುತ್ತದೆ. ಇದನ್ನು ಕೇಳಿಯೇ ಮಗಳು "ಅಮ್ಮ, ಬೇಡ" ಎಂದಿದ್ದಳು.

ಬೇಡ ಎನ್ನುವ ಬದಲು ನಾವು ಕಾಲನ್ನು ತಯಾರು ಮಾಡಿಕೊಂಡೆವು. ಚೌತಿ ಮುಗಿದ ಮೇಲೆ ದಿನವೂ ಟಾಗೋರ್ ಕಡಲತೀರದ ಒದ್ದೆ ಮರಳಿನಲ್ಲಿ ನಡಿಗೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಕೈಯೂರದೆ ಕುರ್ಚಿಯಿಂದ ಏಳುವ, ಕೂರುವ ವ್ಯಾಯಾಮ. ಕಾಳಿ ನದಿಯಲ್ಲಿ ಪರಿಚಯದವರ ದೋಣಿಗೆ ಹತ್ತಿ ಇಳಿಯುವ ಅಭ್ಯಾಸ. ಅಲ್ಲಿ ಕಲಿತದ್ದು ಕಲ್ಪೇನಿಯ ಮುಂದೆ ಅಕ್ಷರಶಃ ಕೈಹಿಡಿಯಿತು. ಎರಡೂ ಕೈ ಖಾಲಿ ಇರಬೇಕು, ಚೀಲ ಬೆನ್ನಿಗಿರಬೇಕು. ಕೈಹಿಡಿದು ಇಳಿಸುವ ಸಿಬ್ಬಂದಿಗೆ ಬೆರಳು ಕೊಡದೆ ಮಣಿಕಟ್ಟು ಕೊಡಬೇಕು, ನಾವೂ ಅವರ ಮಣಿಕಟ್ಟನ್ನೇ ಹಿಡಿಯಬೇಕು. ದೋಣಿ ಮೇಲೆದ್ದು ಬಾಗಿಲಿಗೆ ಸಮನಾದ ಕ್ಷಣಕ್ಕೆ ಕಾದು ಹೆಜ್ಜೆ ಇಡಬೇಕು, ಹಾರಲೇಬಾರದು. ಸಿಬ್ಬಂದಿಯ ಹುಡುಗರು ನಮ್ಮನ್ನು ಅವಸರಪಡಿಸಲಿಲ್ಲ. ಅವರ ತಾಳ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಕ್ಯಾಬಿನ್ ಕಾಯ್ದಿರಿಸುವಾಗ ಕೆಳಗಿನ ಮಲಗುಜಾಗವನ್ನೇ ಕೇಳಿ, ಮೇಲಿನದಕ್ಕೆ ಏಣಿ ಹತ್ತಬೇಕಾಗುತ್ತದೆ. ಹಡಗಿನ ನಡುಭಾಗದಲ್ಲಿ ಹೊಯ್ದಾಟ ಕಡಿಮೆ. ತಲೆ ಸುತ್ತಿದಂತಾದರೆ ಮೇಲೆ ಬಂದು ದಿಗಂತ ನೋಡುತ್ತ ಕೂರಬೇಕು. ವಾಂತಿ ತಡೆಯುವ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ನುಂಗಬೇಡಿ. ಅವುಗಳಲ್ಲಿ ಕೆಲವು ಪ್ರಾಸ್ಟೇಟ್ ತೊಂದರೆ ಇರುವವರಿಗೆ ಮೂತ್ರ ಕಟ್ಟಿಸುತ್ತವೆ, ಗ್ಲಾಕೋಮಾ ಇರುವವರಿಗೂ ಒಗ್ಗುವುದಿಲ್ಲ. ನಮ್ಮವರಿಗೆ ವೈದ್ಯರು ಬೇರೆಯದನ್ನೇ ಬರೆದುಕೊಟ್ಟರು. ಸಕ್ಕರೆ, ರಕ್ತದೊತ್ತಡದ ಮಾತ್ರೆಗಳನ್ನು ಬೇಕಾದದ್ದರ ಎರಡರಷ್ಟು ಕೈಚೀಲದಲ್ಲೇ ಇಟ್ಟುಕೊಂಡಿದ್ದೆವು.

ದ್ವೀಪಗಳ ಬಗ್ಗೆ ಬರೆಯಹೊರಟರೆ ನನಗೆ ನಿಲ್ಲಿಸಲಾಗುವುದಿಲ್ಲ. ನಮ್ಮ ಕಡೆ ನದಿ ತಂದ ಕೆಸರಿಗೆ ಕಡಲು ಮಸುಕಾಗಿರುತ್ತದೆ. ಲಕ್ಷದ್ವೀಪದಲ್ಲಿ ನದಿಗಳೇ ಇಲ್ಲ, ನೀರು ತಳದವರೆಗೆ ತಿಳಿ. ಸೊಂಟದುದ್ದ ಬೆಚ್ಚನೆಯ ನೀರಿನಲ್ಲಿ ನಿಂತಾಗ ಮಂಡಿಯ ಮೇಲಿನ ಭಾರವೆಲ್ಲ ಇಳಿದುಹೋಯಿತು. ನಾನು ನೀರು ಬಿಟ್ಟು ಬರಲೇ ಒಪ್ಪಲಿಲ್ಲ. ಹವಳದ ಚೂರು ಕಾಲು ಕೊಯ್ಯುತ್ತದೆ, ಸಕ್ಕರೆ ಕಾಯಿಲೆಯವರು ರಬ್ಬರ್ ಬೂಟು ಹಾಕಿಯೇ ಇಳಿಯಬೇಕು. ನೀರಿಗಿಳಿಯದವರಿಗೆ ಗಾಜಿನ ತಳದ ದೋಣಿ ಇದೆ.

ಕವರತ್ತಿಯಲ್ಲಿ ನಮ್ಮವರಿಗೆ ಹಿಡಿಸಿದ್ದು ಕುಡಿಯುವ ನೀರಿನ ಘಟಕದ ಸಂಗತಿ. ಮೇಲಿನ ಬೆಚ್ಚನೆಯ ಸಮುದ್ರದ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ತಂಪಾಗಿಸಿ ಸಿಹಿನೀರು ಪಡೆಯುತ್ತಾರೆ. 2005ರಲ್ಲಿ ಆರಂಭವಾದ ಇದರ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭವನ್ನು ಅವರು ಹತ್ತಿದರು. ನಾನು ಕೆಳಗೆ ನೆರಳಿನಲ್ಲಿ ಕುಳಿತೆ, ಮಂಡಿಯನ್ನು ಸಂಜೆಯ ದೋಣಿಗೆ ಉಳಿಸಿಕೊಳ್ಳಬೇಕಿತ್ತು.

ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಅದಿಲ್ಲದೆ ಹಡಗು ಹತ್ತಲಾಗದು. ನಿಯಮಗಳೂ ದರವೂ ಬದಲಾಗುತ್ತಿರುವುದರಿಂದ ಮುಂಚಿತವಾಗಿಯೇ ವಿಚಾರಿಸಿ. ಕಾರವಾರದಿಂದ ಕೊಚ್ಚಿಯ ಎರ್ನಾಕುಲಂಗೆ ನೇರ ರೈಲಿದೆ. ಹಡಗು ಹೊರಡುವ ಹಿಂದಿನ ದಿನವೇ ತಲುಪಿ, ಚೆನ್ನಾಗಿ ನಿದ್ದೆ ಮಾಡಿ.

ನಮ್ಮವರು ಈಗ ಕಡಮತ್ ಎನ್ನುತ್ತಿದ್ದಾರೆ. 1956ರವರೆಗೆ ಅದು ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದ ಅಮಿನಿದಿವಿ ಗುಂಪಿನ ದ್ವೀಪ. ಅಲ್ಲಿ ದಡದಲ್ಲೇ ತಂಗುವ ಕುಟೀರಗಳಿವೆ, ದಿನವೂ ದೋಣಿ ಹತ್ತಿ ಇಳಿಯಬೇಕಾಗಿಲ್ಲ. ನಾನು ಸಂಜೆಯ ನಡಿಗೆಯನ್ನು ಮತ್ತೆ ಶುರು ಮಾಡಿದ್ದೇನೆ.