ಎಕ್ಸ್‌ರೇಯಲ್ಲಿ ಏನೂ ಇಲ್ಲ, ಆದರೂ ಮಣಿಕಟ್ಟು ನೋಯುತ್ತಿದೆ: ನನ್ನ ಅನುಭವ

ದಾವಣಗೆರೆಯಲ್ಲಿ ಮೂಳೆ ಡಾಕ್ಟರಾಗಿ ಕೆಲಸ ಶುರು ಮಾಡಿದ ಹೊಸದು. ಚನ್ನಗಿರಿ ಕಡೆಯ ಹುಡುಗನೊಬ್ಬ ಬೈಕಿನಿಂದ ಬಿದ್ದು, ಅಂಗೈ ಊರಿ ಪೆಟ್ಟು ಮಾಡಿಕೊಂಡು ಬಂದಿದ್ದ. ಎರಡು ಎಕ್ಸ್‌ರೇ ತೆಗೆಸಿದೆ, ಗೆರೆ ಕಾಣಲಿಲ್ಲ, ಉಳುಕು ಅಂತ ಮಾತ್ರೆ ಬರೆದು ಕಳಿಸಿದೆ. ಮೂರು ತಿಂಗಳಾದ ಮೇಲೆ ತಿರುಗಿ ಬಂದ. "ಅಡಿಕೆ ಗೊನೆ ಎತ್ತಾಕೆ ಆಗ್ತಿಲ್ಲ ಸರ್" ಅಂದ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆ ಇರುವ ಸ್ಕ್ಯಾಫಾಯ್ಡ್ ಅನ್ನೋ ಮೂಳೆ ಮುರಿದು ಕೂಡದೆ ಹಾಗೇ ಉಳಿದಿತ್ತು. ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ಅಲ್ಲಿಗೆ ತುಂಬಿ, ಸ್ಕ್ರೂ ಹಾಕಬೇಕಾಯಿತು. ತಪ್ಪು ನನ್ನದೇ.

ಗೋಡಂಬಿ ಆಕಾರದ ಈ ಪುಟ್ಟ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಬರುತ್ತದೆ. ನಡುವೆ ಮುರಿದರೆ ತೋಳಿನ ಕಡೆಯ ತುಂಡು ಒಣಗಬಹುದು.

ಅಂದಿನಿಂದ ಮೊದಲು ಬೆರಳಿಟ್ಟು ಒತ್ತಿ ನೋಡುತ್ತೇನೆ. ಹೆಬ್ಬೆರಳು ಮೇಲೆತ್ತಿದಾಗ ಅದರ ಬುಡದಲ್ಲಿ ಒಂದು ಕುಳಿ ಬೀಳುತ್ತದೆ ಅಲ್ವಾ, ಅಲ್ಲಿ ಒತ್ತಿದಾಗ ರೋಗಿ ಕೈ ಎಳೆದುಕೊಂಡರೆ ಎಕ್ಸ್‌ರೇ ಚೆನ್ನಾಗಿದ್ದರೂ ನಾನು ನಂಬುವುದಿಲ್ಲ. ನಾಲ್ಕು ಕೋನದಲ್ಲಿ ತೆಗೆಸುತ್ತೇನೆ, ಒಂದು ಕಿರುಬೆರಳಿನ ಕಡೆ ಕೈ ವಾಲಿಸಿ. ಆಗಲೂ ಕಾಣದಿದ್ದರೆ ಪಟ್ಟಿ ಹಾಕಿ, 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ. ಅಷ್ಟರಲ್ಲಿ ಮುರಿದ ಅಂಚು ಸ್ವಲ್ಪ ಕರಗಿ ಗೆರೆ ತೋರಬಹುದು.

ಎಂಆರ್‌ಐ ಇಷ್ಟು ಕಾಯಿಸುವುದಿಲ್ಲ. ಮೂಳೆಯೊಳಗಿನ ಬಾವು ಒಂದೆರಡು ದಿನದಲ್ಲೇ ಬೆಳ್ಳಗೆ ಹೊಳೆಯುತ್ತದೆ. ಖರ್ಚು ಜಾಸ್ತಿ, ನಿಜ. ಆದರೆ ಬೆಣ್ಣೆದೋಸೆ ಹೋಟೆಲಿನಲ್ಲಿ ದಿನಗೂಲಿಗೆ ಕಾವಲಿ ಮುಂದೆ ನಿಲ್ಲುವ ಒಬ್ಬನಿಗೆ ಎರಡು ವಾರ ಪಟ್ಟಿ ಅಂದಾಗ ಅವನ ಮುಖ ಬಿದ್ದುಹೋಯಿತು. ಎರಡು ವಾರದ ಕೂಲಿ, ಸ್ಕ್ಯಾನ್ ಖರ್ಚು ಎರಡನ್ನೂ ಚೀಟಿಯ ಹಿಂದೆ ಬರೆದು ತೋರಿಸಿದೆ. ಎಂಆರ್‌ಐನೇ ಆರಿಸಿಕೊಂಡ. ಮುರಿದಿರಲಿಲ್ಲ.

ಸಿಟಿ ಸ್ಕ್ಯಾನಿನ ಕೆಲಸ ಬೇರೆ. ಮುರಿದಿದೆ ಅಂತ ಗೊತ್ತಾದ ಮೇಲೆ ತುಂಡು ಎಷ್ಟು ಸರಿದಿದೆ ಅಂತ ನೋಡಲು ಅದೇ ಸರಿ. 1 ಮಿಲಿಮೀಟರ್‌ಗಿಂತ ಹೆಚ್ಚು ಸರಿದಿದ್ದರೆ ನಾನು ಆಪರೇಷನ್ ಮಾತೆತ್ತುತ್ತೇನೆ. ಸ್ಕ್ಯಾನಿನ ಚಿತ್ರಗಳು ಸ್ಕ್ಯಾಫಾಯ್ಡ್ ಉದ್ದಕ್ಕೇ ಸೀಳಿದ ಹಾಗೆ ಬೇಕು ಅಂತ ಚೀಟಿಯಲ್ಲಿ ಬರೆಯಲು ಮರೆಯುವುದಿಲ್ಲ, ಇಲ್ಲದಿದ್ದರೆ ಮೂಳೆ ಬಾಗಿದ್ದು ಸರಿಯಾಗಿ ಕಾಣುವುದಿಲ್ಲ.

ಬಚ್ಚಲಲ್ಲಿ ಜಾರಿ ಬಿದ್ದು ರೇಡಿಯಸ್, ಅಂದರೆ ಮುಂಗೈಯಲ್ಲಿ ಹೆಬ್ಬೆರಳಿನ ಕಡೆಯ ಉದ್ದ ಮೂಳೆ, ಮುರಿದುಕೊಂಡ ಅಜ್ಜಿಯರಿಗೆ ಸಾಮಾನ್ಯವಾಗಿ ಎಕ್ಸ್‌ರೇ ಸಾಕು. ಬಿರುಕು ಕೀಲಿನೊಳಗೆ ಹೋಗಿದ್ದರೆ ಮಾತ್ರ ಸಿಟಿ. ಮೊನ್ನೆ ಒಬ್ಬ ಮಗ "ಅವ್ವಂಗೆ ದೊಡ್ಡ ಸ್ಕ್ಯಾನೇ ಮಾಡ್ಸಿ ಸರ್" ಅಂದ. ಫಿಲ್ಮ್ ಬೆಳಕಿಗೆ ಹಿಡಿದು ಮುರಿದ ಜಾಗ ತೋರಿಸಿದೆ, ಕೀಲು ನೆಟ್ಟಗಿತ್ತು. ಮೂಳೆ ಕೂಡಿಸಿ ಪಟ್ಟಿ ಹಾಕಿ ಕಳಿಸಿದೆ.