ಬ್ಯಾರಿ ಊರಿನ ಹುಡುಗ ವರ್ಮಾಂಟ್‌ನ ಗವರ್ನರ್ ಆದದ್ದು

ಅಮೆರಿಕದಲ್ಲಿರುವ ನಮ್ಮವರಿಗೆ ವಾಷಿಂಗ್ಟನ್ನಿನ ಸುದ್ದಿಯೆಲ್ಲ ಬಾಯಿಪಾಠ. ತಮ್ಮ ರಾಜ್ಯದ ಗವರ್ನರ್ ಯಾರೆಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಚಾಲನಾ ಪರವಾನಗಿಯಿಂದ ಹಿಡಿದು ಮಕ್ಕಳ ಶಾಲೆಯವರೆಗೆ ನಿತ್ಯದ ಎಷ್ಟೋ ವಿಷಯಗಳು ರಾಜ್ಯದ ಕೈಯಲ್ಲಿವೆ. ಅಲ್ಲಿಯ ಗವರ್ನರನ್ನು ಕೇಂದ್ರ ನೇಮಿಸುವುದಿಲ್ಲ, ಜನರೇ ಆರಿಸುತ್ತಾರೆ; ಅಧಿಕಾರ ನಮ್ಮ ಮುಖ್ಯಮಂತ್ರಿಯದು. ಶಾಸನಸಭೆಯಲ್ಲಿ ತನ್ನ ಪಕ್ಷಕ್ಕೆ ಬಹುಮತವಿಲ್ಲದಿದ್ದರೂ ಕುರ್ಚಿ ಅಲುಗಾಡುವುದಿಲ್ಲ.

ವರ್ಮಾಂಟ್‌ನ ಫಿಲ್ ಸ್ಕಾಟ್ ಅವರನ್ನೇ ನೋಡಿ. ಡೆಮಾಕ್ರಟರ ಕೋಟೆಯಂಥ ರಾಜ್ಯದಲ್ಲಿ 2017ರಿಂದ ಗವರ್ನರ್ ಆಗಿರುವ ರಿಪಬ್ಲಿಕನ್. ಹುಟ್ಟಿದ್ದು 1958ರಲ್ಲಿ, ಗ್ರಾನೈಟ್‌ಗೆ ಹೆಸರಾದ ಬ್ಯಾರಿ ಊರಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡಿದ್ದ ತಂದೆ ತೀರಿಕೊಂಡಾಗ ಹುಡುಗನಿಗೆ ಬರೀ 11 ವರ್ಷ. ಊರಿನ ಸ್ಪಾಲ್ಡಿಂಗ್ ಹೈಸ್ಕೂಲು ಮುಗಿಸಿ, 1980ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಪದವಿ ಪಡೆದರು. ವಕೀಲಿಕೆಯ ಹಾದಿ ಹಿಡಿಯಲಿಲ್ಲ. ಕಟ್ಟಡ, ರಸ್ತೆ ಕಾಮಗಾರಿಯ ಕಂಪನಿಯೊಂದರ ಪಾಲುದಾರರಾದರು. ಬ್ಯಾರಿಯ ಥಂಡರ್ ರೋಡ್ ಮೈದಾನದಲ್ಲಿ ಕಾರು ರೇಸಿಗೂ ಇಳಿದರು. ಗವರ್ನರ್ ಆದ ಮೇಲೂ ಹೆಲ್ಮೆಟ್ ಹಾಕಿಕೊಂಡು ಅಲ್ಲಿಗೆ ಹೋದವರು ಅವರು!

ವ್ಯಾಪಾರ ಬಿಡದೆಯೇ 2001ರಲ್ಲಿ ರಾಜ್ಯ ಶಾಸನಸಭೆಯ ಮೇಲ್ಮನೆಯಾದ ಸೆನೆಟ್ ಸೇರಲು ಸಾಧ್ಯವಾದದ್ದಕ್ಕೂ ಕಾರಣವಿದೆ. ವರ್ಮಾಂಟ್‌ನ ಶಾಸನಸಭೆ ಸಾಮಾನ್ಯವಾಗಿ ಜನವರಿಯಿಂದ ಮೇ ತಿಂಗಳವರೆಗೆ ಸೇರುತ್ತದೆ. ಸದಸ್ಯರಲ್ಲಿ ಅನೇಕರಿಗೆ ಬೇರೆ ಕಸುಬಿದೆ. ಗವರ್ನರ್ ಆದಾಗ ಮಾತ್ರ ಕಂಪನಿಯ ಪಾಲನ್ನು ಮಾರಿದರು, ಏಕೆಂದರೆ ಆ ಕಂಪನಿ ಸರ್ಕಾರಿ ಗುತ್ತಿಗೆಗಳನ್ನೂ ಹಿಡಿಯುತ್ತಿತ್ತು.

ಇಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕಿಲ್ಲ, ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಯಾವ ಪಕ್ಷದ ಮತಪತ್ರವನ್ನಾದರೂ ಬಳಸಬಹುದು. ಮಧ್ಯಮಮಾರ್ಗಿಗಳು ಬದುಕಿ ಉಳಿಯಲು ಇದೂ ಒಂದು ಆಸರೆ ಎಂಬುದು ನನ್ನ ಎಣಿಕೆ. ಅದರ ಮೇಲೆ ಗವರ್ನರ್ ಅವಧಿ ಎರಡೇ ವರ್ಷ, ಜನರ ಮುಂದೆ ಪದೇ ಪದೇ ನಿಲ್ಲಲೇಬೇಕು. 2018ರಲ್ಲಿ ಸ್ಕಾಟ್ ಬಂದೂಕು ನಿಯಂತ್ರಣ ಮಸೂದೆಗಳಿಗೆ ಸಹಿ ಹಾಕಿದ್ದು ಮುಚ್ಚಿದ ಕೋಣೆಯಲ್ಲಲ್ಲ, ರಾಜಧಾನಿ ಮಾಂಟ್‌ಪೀಲಿಯರ್‌ನ ಶಾಸನಭವನದ ಮೆಟ್ಟಿಲ ಮೇಲೆ. ಬಂದೂಕು ಪ್ರಿಯರು ಎದುರೇ ನಿಂತು ಕೂಗುತ್ತಿದ್ದರು. ಅದೇ ವರ್ಷ ಸ್ಕಾಟ್ ಮತ್ತೆ ಗೆದ್ದರು.

ವೀಸಾ, ಗ್ರೀನ್ ಕಾರ್ಡ್ ಇರುವವರು ಗಮನಿಸಿ: ಮಾಂಟ್‌ಪೀಲಿಯರ್ ಮತ್ತು ವಿನೂಸ್ಕಿ ನಗರಗಳಲ್ಲಿ ಪೌರತ್ವವಿಲ್ಲದ ಕಾನೂನುಬದ್ಧ ನಿವಾಸಿಗಳಿಗೂ ಸ್ಥಳೀಯ ಚುನಾವಣೆಯಲ್ಲಿ ಮತವಿದೆ. 2021ರಲ್ಲಿ ಸ್ಕಾಟ್ ಇದನ್ನು ತಡೆದಿದ್ದರು, ಶಾಸನಸಭೆ ಅವರ ತಡೆಯನ್ನು ಬದಿಗೊತ್ತಿತು. ರಾಜ್ಯದ ಅಥವಾ ದೇಶದ ಚುನಾವಣೆಯ ಮತಪತ್ರವನ್ನು ಮಾತ್ರ ಮುಟ್ಟಬೇಡಿ, ಗಡೀಪಾರಿನವರೆಗೂ ಹೋಗಬಹುದು.